ಕೇಳದೇ ಯಾರೂ ಬರುವುದಿಲ್ಲ, ತಂಗಿ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ವಾರ ಆಯ್ತು, ಪಕ್ಕದ ಮನೆಯವರ ಮುಖ ಕೂಡ ನೋಡಿಲ್ಲ ಅಂತ ಬರೆದಿದ್ದೀಯ. ಹೊಸನಗರದಲ್ಲಿ ಜ್ವರ ಬಂದರೆ ಚರ್ಚಿನವರು ಗಂಜಿ ತಂದುಕೊಡುತ್ತಿದ್ದರು, ಇಲ್ಲಿ ಕಷ್ಟ ಅಂದ್ರೆ ಯಾರ ಹತ್ತಿರ ಹೋಗೋದು ಅಕ್ಕಾ ಅಂತ ಕೇಳಿದ್ದೀಯ. ನಾನು ಸಾಗರದ ಕಡೆಯವಳು. ಇಲ್ಲೇ ಪಕ್ಕದ ಬ್ರಾಡ್‌ಫರ್ಡ್‌ಗೆ ಬಂದು ಹದಿನಾಲ್ಕು ವರ್ಷ. ಮೊದಮೊದಲು ನನಗೂ ಹೀಗೇ ಅನಿಸಿತ್ತು.

ಇಲ್ಲಿಯವರು ಕೆಟ್ಟವರಲ್ಲ. ಕೇಳದೇ ಬರುವುದಿಲ್ಲ, ಅಷ್ಟೇ. ನಮ್ಮ ಕಡೆ ಎರಡು ದಿನ ಬಚ್ಚಲೊಲೆಯ ಹೊಗೆ ಕಾಣದಿದ್ದರೆ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೆ ಅಲ್ವಾ? ಇಲ್ಲಿ ಬಾಗಿಲು ಹಾಕಿದ್ದರೆ ನಿನಗೆ ಒಬ್ಬಳೇ ಇರೋದು ಇಷ್ಟ ಅಂದುಕೊಂಡು ಸುಮ್ಮನಿರುತ್ತಾರೆ.

ನಾನು ಕೆಲಸಕ್ಕೆ ಸೇರಿದ್ದು ತಿಂಗಳ 18ಕ್ಕೆ. ಆ ತಿಂಗಳ ಸಂಬಳದ ಲೆಕ್ಕ ಅಷ್ಟರಲ್ಲಿ ಮುಗಿದಿತ್ತು. ದುಡ್ಡು ಬರೋದು ಮುಂದಿನ ತಿಂಗಳ ಕೊನೆಗೆ ಅಂದರು. ಊರಿಂದ ತಂದಿದ್ದೆಲ್ಲ ಬಾಡಿಗೆ, ಅಡ್ವಾನ್ಸಿಗೇ ಹೋಗಿತ್ತು. ಹತ್ತು ದಿನ ಬ್ರೆಡ್ಡು, ಟೀ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಒಬ್ಬರು ಅಜ್ಜಿ ಎರಡು ಚೀಲ ಹಿಡಿದು ಬಂದು, 'ಭಾರ ಆಗ್ತಿದೆ, ಬಸ್ ಸ್ಟಾಪಿನವರೆಗೆ ತಂದುಕೊಡ್ತೀಯಾ' ಅಂದರು. ಹೊತ್ತುಕೊಂಡು ಹೋದೆ. ಬಸ್ ಬಂತು, ಅಜ್ಜಿ ಹತ್ತಿದರು, ಚೀಲ ತಗೊಳ್ಳಲೇ ಇಲ್ಲ. ಕಿಟಕಿಯಿಂದ ಕೈ ಬೀಸಿದರು. ಒಳಗೆ ಅಕ್ಕಿ, ಮೊಟ್ಟೆ, ಟೊಮ್ಯಾಟೊ ಡಬ್ಬಿ, ಒಂದು ಜೊತೆ ಉಣ್ಣೆಯ ಕಾಲುಚೀಲ.

ಸ್ಟಾಪಿನಲ್ಲೇ ನಿಂತು ಅತ್ತೆ. ಹಸಿವಿಗಲ್ಲ, ಅಮ್ಮ ನೆನಪಾಗಿ. ಅಮ್ಮ ನಮ್ಮ ಚರ್ಚಿನ ವಿನ್ಸೆಂಟ್ ಡಿ ಪೌಲ್ ಸಂಘದಲ್ಲಿದ್ದಳು. ಆಷಾಢದ ಮಳೆಯಲ್ಲಿ ಕೂಲಿ ಇಲ್ಲದ ಮನೆಗಳಿಗೆ ಅಕ್ಕಿ ಕೊಡಲು ಹೋಗುವಾಗ ಬಕೆಟ್ಟಿನ ತಳದಲ್ಲಿ ಅಕ್ಕಿ, ಮೇಲೆ ಒಗೆಯೋ ಬಟ್ಟೆ. ನೋಡಿದವರಿಗೆ ಹೊಳೆಗೆ ಹೊರಟಂತೆ ಕಾಣಬೇಕು. ಇಸಕೊಳ್ಳುವವರ ಮರ್ಯಾದೆ ನೆನೆಯಬಾರದು ಅನ್ನುತ್ತಿದ್ದಳು, ತಾನು ಮಾತ್ರ ಪೂರ್ತಿ ನೆನೆದು ಬರುತ್ತಿದ್ದಳು.

ಆ ಅಜ್ಜಿಯೂ ಅದೇ ಸಂಘದವರು ಅಂತ ಆಮೇಲೆ ಗೊತ್ತಾಯ್ತು. 1833ರಲ್ಲಿ ಪ್ಯಾರಿಸ್ಸಿನ ಕಾಲೇಜು ಹುಡುಗರು ಶುರು ಮಾಡಿದ ಸಂಘ ಅದು. ಇಲ್ಲಿ ಎಸ್‌ವಿಪಿ ಅಂದರೆ ಗೊತ್ತಾಗುತ್ತದೆ. ನಿನ್ನ ಹತ್ತಿರದ ಕ್ಯಾಥೊಲಿಕ್ ಚರ್ಚಿನಲ್ಲಿ ಕೇಳಿ ನೋಡು.

ಇನ್ನೊಂದು ದಾರಿ ಫುಡ್ ಬ್ಯಾಂಕ್, ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಕೊಡುವ ಜಾಗ. ಟ್ರಸೆಲ್ ಅನ್ನೋ ಸೇವಾ ಸಂಸ್ಥೆಯವರ ಮೊದಲ ಫುಡ್ ಬ್ಯಾಂಕ್ ಶುರುವಾಗಿದ್ದು 2000ದಲ್ಲಿ, ಸಾಲಿಸ್‌ಬರಿಯಲ್ಲಿ, ಒಂದು ಮನೆಯ ಹಿತ್ತಲಿನ ಶೆಡ್ಡಿನಿಂದ. ಈಗಲೂ ಎಷ್ಟೋ ಕಡೆ ಚರ್ಚಿನ ಹಾಲ್‌ನಲ್ಲೇ ನಡೆಯುತ್ತದೆ. ಡಾಕ್ಟರೋ ಸಲಹಾ ಕೇಂದ್ರದವರೋ ವೋಚರ್ ಬರೆದುಕೊಟ್ಟರೆ ಸಾಮಾನ್ಯವಾಗಿ ಮೂರು ದಿನಕ್ಕಾಗುವಷ್ಟು ಸಾಮಾನು ಸಿಗುತ್ತದೆ. ವೀಸಾದಲ್ಲಿ ಸರ್ಕಾರಿ ನೆರವು ಪಡೆಯಬಾರದು ಅಂತ ಬರೆದಿರುತ್ತೆ, ಅದಕ್ಕೆ ಹೆದರಬೇಡ. ಫುಡ್ ಬ್ಯಾಂಕ್ ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ಶನಿವಾರ ನಾನೂ ಒಂದು ಫುಡ್ ಬ್ಯಾಂಕಿನಲ್ಲಿ ಚೀಲ ತುಂಬುತ್ತೇನೆ. ಬಂದವರನ್ನು ಮೊದಲು ಕೇಳೋದು ಒಲೆ ಇದೆಯಾ ಅಂತ. ಬರೀ ಕೆಟಲ್ ಇರುವ ರೂಮಿನವರು ಜಾಸ್ತಿ. ಅವರಿಗೆ ಬಿಸಿನೀರು ಹಾಕಿದರೆ ಆಗುವ ಸೂಪು, ನೂಡಲ್ಸ್ ಇರೋ ಚೀಲ ಬೇರೆ. ಡಬ್ಬಿ ತೆರೆಯುವ ಕೊಕ್ಕೆ ಇದೆಯಾ ಅಂತಲೂ ಕೇಳಬೇಕು. ಒಮ್ಮೆ ನಾನು ಮರೆತೆ. ಪಾಪ, ಆತ ಬೀನ್ಸ್ ಡಬ್ಬಿಯನ್ನು ಹಾಗೇ ವಾಪಸ್ ತಂದಿದ್ದ. ಯಾವ ಧರ್ಮ ಅಂತ ಯಾರನ್ನೂ ಕೇಳುವುದಿಲ್ಲ. ಚೀಲದ ಜೊತೆ ಪ್ರಾರ್ಥನೆಯ ಚೀಟಿ ತುರುಕುವವರನ್ನು ಬೇರೆ ಕಡೆ ನೋಡಿದ್ದೇನೆ, ನನಗೆ ಅದು ಸರಿ ಕಾಣುವುದಿಲ್ಲ. ಹಸಿದವನು ಬೇಡ ಅನ್ನೋಕಾಗುತ್ತಾ?

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ನಿನಗೂ ಗೊತ್ತಿರುತ್ತೆ. ಹಸಿದವರು, ಬಟ್ಟೆ ಇಲ್ಲದವರು, ಪರದೇಶಿಗಳು. ಇವರಿಗೆ ಮಾಡಿದ್ದು ತನಗೇ ಮಾಡಿದ್ದು ಅಂತ ಯೇಸು ಹೇಳುವ ಭಾಗ. ಚರ್ಚಿನಲ್ಲಿ ಅದನ್ನು ಓದುವಾಗೆಲ್ಲ ನನಗೆ ನಗು ಬರುತ್ತಿತ್ತು. ಮನೆಯಲ್ಲಿ ತಲೆ ಬಾಚಿಕೊಳ್ಳದಿದ್ದರೆ ಅಜ್ಜಿ ಬೈಯುತ್ತಿದ್ದದ್ದೇ 'ಪರದೇಶಿ ತರ ಇದೀಯಲ್ಲೇ' ಅಂತ. ಆ ಬಸ್ ಸ್ಟಾಪಿನಲ್ಲಿ ಆ ಪರದೇಶಿ ನಾನೇ ಆಗಿದ್ದೆ.

ಲೀಡ್ಸಿನಿಂದ ಇಲ್ಲಿಗೆ ಟ್ರೈನಿನಲ್ಲಿ ಇಪ್ಪತ್ತು ನಿಮಿಷ. ಈ ಶನಿವಾರ ಡ್ಯೂಟಿ ಇಲ್ಲದಿದ್ದರೆ ಬಾ. ಕೆಲಸ ಮುಗಿಸಿ ಮನೆಗೆ ಹೋಗೋಣ. ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಬಾಟ್ಲಿ ಇದೆ.