ಎಫ್-150 ನಡುದಾರಿಯಲ್ಲಿ ಆರಿಹೋಗುತ್ತಿದ್ದರೆ ಟ್ಯಾಂಕ್ ಇಳಿಸುವ ಮೊದಲು ಸ್ಟೆಪ್ನಿ ಇಳಿಸಿ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಒಹಾಯೊದಲ್ಲಿ ಓಡುತ್ತಿರುವ 2006ರ ಫೋರ್ಡ್ ಎಫ್-150 ಪಿಕಪ್, 5.4 ಲೀಟರ್ ಇಂಜಿನ್. ಮಳೆ ಬಂದ ದಿನ, ಇಲ್ಲವೇ ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಸುಮ್ಮನೆ ಬಿಟ್ಟರೆ ಒಂದಷ್ಟು ಹೊತ್ತಿಗೆ ಮತ್ತೆ ಸರಿಹೋಗುತ್ತದೆ. ಗ್ಯಾರೇಜಿನವರು ಪೆಟ್ರೋಲ್ ಟ್ಯಾಂಕ್ ಇಳಿಸಿ ಅದರೊಳಗಿನ ಪಂಪ್ ಬದಲಿಸಬೇಕು ಎನ್ನುತ್ತಾರೆ, ಒಪ್ಪಬೇಕೇ?

ಈಗಲೇ ಒಪ್ಪಬೇಡಿ. 2004ರಿಂದ 2008ರವರೆಗಿನ ಎಫ್-150ಗಳಲ್ಲಿ, ಅದರಲ್ಲೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ, ಈ ಲಕ್ಷಣ ಕಂಡರೆ ನಾನು ಮೊದಲು ಅನುಮಾನಿಸುವುದು ಫ್ಯುಯೆಲ್ ಪಂಪ್ ಡ್ರೈವರ್ ಮಾಡ್ಯೂಲನ್ನು. ಅಂಗೈಯಷ್ಟಗಲದ ಈ ಪೆಟ್ಟಿಗೆ ಗಾಡಿಯ ಹಿಂಭಾಗದಲ್ಲಿ, ಸ್ಟೆಪ್ನಿಯ ಮೇಲೆ ಹಾದುಹೋಗುವ ಚಾಸಿಯ ಅಡ್ಡಪಟ್ಟಿಗೆ ಕೂತಿರುತ್ತದೆ. ಈ ಗಾಡಿಯಲ್ಲಿ ಪಂಪ್‌ಗೆ ರಿಲೇಯಿಂದ ನೇರವಾಗಿ ಕರೆಂಟ್ ಹೋಗುವುದಿಲ್ಲ. ಇಂಜಿನ್ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಬೇಕೆಂದು ಸಿಗ್ನಲ್ ಕಳಿಸುತ್ತದೆ. ಮಾಡ್ಯೂಲ್ ಅದಕ್ಕೆ ತಕ್ಕಂತೆ ಕರೆಂಟನ್ನು ಕತ್ತರಿಸಿ ಕತ್ತರಿಸಿ ಪಂಪ್‌ಗೆ ಕೊಟ್ಟು ಅದರ ವೇಗವನ್ನು ಹಿಡಿತದಲ್ಲಿಡುತ್ತದೆ. ಆ ಕೆಲಸದಲ್ಲಿ ಹುಟ್ಟುವ ಬಿಸಿ ಹೊರಹೋಗಲೆಂದು ಅದರ ಬೆನ್ನಿಗೆ ಅಲ್ಯೂಮಿನಿಯಂ ತಟ್ಟೆ ಇದೆ.

ತೊಂದರೆ ಶುರುವಾಗುವುದು ಆ ತಟ್ಟೆಯಿಂದಲೇ. ಅಲ್ಯೂಮಿನಿಯಂ ಉಕ್ಕಿನ ಪಟ್ಟಿಗೆ ಅಂಟಿಕೊಂಡು ಕೂತಿದೆ, ನಡುವಿನ ಸಂದಿಯಲ್ಲಿ ಉಪ್ಪುನೀರು ನಿಲ್ಲುತ್ತದೆ. ಎರಡು ಲೋಹ, ನಡುವೆ ಉಪ್ಪುನೀರು ಎಂದರೆ ಅದು ಬ್ಯಾಟರಿಯೇ ಆಯಿತು; ಸವೆಯುವುದು ಅಲ್ಯೂಮಿನಿಯಂ. ಮೊದಲು ಬಿಳಿ ಪುಡಿ ಏಳುತ್ತದೆ, ಆಮೇಲೆ ತಟ್ಟೆ ತೂತಾಗುತ್ತದೆ, ನೀರು ಒಳಗಿನ ಸರ್ಕ್ಯೂಟ್ ತಲುಪುತ್ತದೆ. ಮಳೆಯಲ್ಲಿ ಕೆಟ್ಟು ಒಣಗಿದಾಗ ಸರಿಯಾಗುವುದು, ಬಿಸಿಯಾದಾಗ ನಿಂತು ತಣ್ಣಗಾದಾಗ ಎದ್ದೇಳುವುದು, ಎರಡಕ್ಕೂ ಇದು ಹೊಂದುತ್ತದೆ.

ಗಾಡಿಯ ಕೆಳಗೆ ಹೋಗುವ ಮುನ್ನ ಎರಡು ನಿಮಿಷದ ಕೆಲಸ ಮುಗಿಸಿಕೊಳ್ಳಿ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಕಳ್ಳತನ ತಡೆಯ ದೀಪ ವೇಗವಾಗಿ ಮಿಟುಕುತ್ತಿದ್ದರೆ ಅದು ಕೀಯ ತಕರಾರು, ಪಂಪಿನದಲ್ಲ. ಪಕ್ಕದ ಸೀಟಿನವರು ಕಾಲಿಡುವ ಜಾಗದ ಬಲಬದಿಯಲ್ಲಿ ಇನರ್ಷಿಯಾ ಸ್ವಿಚ್ ಇದೆ. ಅಪಘಾತವಾದಾಗ ಪೆಟ್ರೋಲ್ ನಿಲ್ಲಿಸಲೆಂದು ಇಟ್ಟದ್ದು, ಜೋರಾಗಿ ಒದೆ ಬಿದ್ದರೂ ಹಾರುತ್ತದೆ. ಮೇಲಿನ ಗುಂಡಿ ಎದ್ದಿದ್ದರೆ ಒತ್ತಿ ಕೂರಿಸಿ. ಅಲ್ಲೇ ಹತ್ತಿರದ ಪೆಟ್ಟಿಗೆಯಲ್ಲಿ ಪಂಪಿನ ಫ್ಯೂಸ್ ಮತ್ತು ರಿಲೇ ನೋಡಿ. ಫ್ಯೂಸ್ ಸುಟ್ಟಿದ್ದರೆ ಹೊಸದು ಹಾಕಿ ಸುಮ್ಮನಾಗಬೇಡಿ, ಅದು ಸುಡಲು ಕಾರಣವಿರುತ್ತದೆ.

ಇನ್ನು ಸ್ಕ್ಯಾನರ್. ಅಗ್ಗದ ಕೋಡ್ ರೀಡರ್ ಇಲ್ಲಿ ಸಾಲದು, ಫೋರ್ಡ್‌ನ ಒಳ ಅಂಕಿಗಳು ಕಾಣಬೇಕು. ಲ್ಯಾಪ್‌ಟಾಪ್ ಮತ್ತು ಒಂದು ಒಳ್ಳೆಯ ಅಡಾಪ್ಟರ್ ಇದ್ದರೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶ ಸಾಕು. ಮಾಡ್ಯೂಲ್ ತನ್ನ ಆರೋಗ್ಯವನ್ನು ತಾನೇ ಒಂದು ತಂತಿಯ ಮೂಲಕ ಕಂಪ್ಯೂಟರ್‌ಗೆ ಹೇಳುತ್ತಿರುತ್ತದೆ. ಸ್ಕ್ಯಾನರಿನಲ್ಲಿ ಇದು ಎಫ್‌ಪಿಎಂ ಎಂಬ ಹೆಸರಿನಲ್ಲಿ ಕಾಣುತ್ತದೆ. 50 ಶೇಕಡಾ ಎಂದರೆ ಎಲ್ಲ ಸರಿ. 25 ಎಂದರೆ ಕಂಪ್ಯೂಟರಿನ ಆಜ್ಞೆ ತನಗೆ ತಲುಪುತ್ತಿಲ್ಲ ಅಥವಾ ಅರ್ಥವಾಗುವಂತೆ ಬರುತ್ತಿಲ್ಲ ಎಂದು. ಆಗ ಕೋಡ್ ಪಿ1235. 75 ಎಂದರೆ ತನ್ನಿಂದ ಪಂಪ್‌ಗೆ ಹೋಗುವ ದಾರಿಯಲ್ಲಿ ದೋಷವಿದೆ ಎಂದು, ಕೋಡ್ ಪಿ1237. ಏನೂ ಬರದಿದ್ದರೆ ಪಿ1233, ಅಂದರೆ ಮಾಡ್ಯೂಲ್‌ಗೆ ಕರೆಂಟೋ ಅರ್ಥ್ (ನೆಗೆಟಿವ್) ಸಂಪರ್ಕವೋ ಇಲ್ಲ, ಇಲ್ಲವೇ ಅದು ಸತ್ತಿದೆ. ಗಾಡಿ ಆರಿಹೋದ ಹೊತ್ತಿನಲ್ಲೇ ಈ ಅಂಕಿ ನೋಡುವುದು ಮುಖ್ಯ. ಚೆನ್ನಾಗಿ ಓಡುತ್ತಿರುವಾಗ ನೋಡಿದರೆ 50 ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಜೊತೆಗೆ ಕಂಪ್ಯೂಟರ್ ಕೊಡುವ ಆಜ್ಞೆಯ ಅಂಕಿಯನ್ನೂ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ (ಫ್ಯುಯೆಲ್ ರೈಲ್) ಒತ್ತಡವನ್ನೂ ನೋಡಿ. ಆಜ್ಞೆಯ ಅಂಕಿಯನ್ನು ಮಾಡ್ಯೂಲ್ ದುಪ್ಪಟ್ಟು ಮಾಡಿಕೊಳ್ಳುತ್ತದೆ: 30 ಎಂದು ಬಂದರೆ ಪಂಪ್‌ಗೆ 60 ಶೇಕಡಾ, 50ಕ್ಕೆ ಪೂರ್ತಿ. ಸುಮಾರು 75 ಎಂದು ಕಂಡರೆ ಹೆದರಬೇಡಿ, ಅದು ಪಂಪ್ ನಿಲ್ಲಿಸು ಎಂಬ ಆಜ್ಞೆ. ಒತ್ತಡ 40 ಪಿಎಸ್‌ಐ ಆಸುಪಾಸಿನಲ್ಲಿರಬೇಕು. ಆಜ್ಞೆ 50ರ ಹತ್ತಿರ ಏರಿ ಕೂತು, ಎಫ್‌ಪಿಎಂ 50 ಎನ್ನುತ್ತಿದ್ದು, ಒತ್ತಡ ಮಾತ್ರ ಮೇಲೇಳದಿದ್ದರೆ ಮಾಡ್ಯೂಲನ್ನು ದೂರಬೇಡಿ. ಚಾಸಿಯ ಪಕ್ಕದ ಫಿಲ್ಟರ್ ಕಟ್ಟಿದೆ ಅಥವಾ ಪಂಪ್ ಸೊರಗಿದೆ. ಆಗ ಗ್ಯಾರೇಜಿನವರ ಮಾತು ಸರಿಯಿರಬಹುದು, ಆದರೂ ಫಿಲ್ಟರನ್ನೇ ಮೊದಲು ಬದಲಿಸಿ.

ಈಗ ಸ್ಟೆಪ್ನಿ ಇಳಿಸಿ. ಸಮನೆಲದಲ್ಲಿ ಗಾಡಿ ನಿಲ್ಲಿಸಿ ಚಕ್ರಗಳಿಗೆ ಅಡೆ ಕೊಡಿ. ಉಪ್ಪಿನ ಊರಿನ ಗಾಡಿಯಾದ್ದರಿಂದ ಸ್ಟೆಪ್ನಿ ಇಳಿಸುವ ರಾಟೆ ತುಕ್ಕು ಹಿಡಿದು ಜಾಮ್ ಆಗಿರುವ ಸಾಧ್ಯತೆ ಹೆಚ್ಚು. ಹಿಂದಿನ ರಾತ್ರಿಯೇ ಅದಕ್ಕೂ ಮಾಡ್ಯೂಲಿನ ಬೋಲ್ಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಟೈರ್ ಇಳಿಯುವಾಗ ಅದರ ಕೆಳಗೆ ಮಲಗಬೇಡಿ, ಕೇಬಲ್ ಹರಿಯುವುದುಂಟು.

ಮಾಡ್ಯೂಲಿನ ಕನೆಕ್ಟರ್ ಬಿಚ್ಚಿ ಪಿನ್‌ಗಳನ್ನು ನೋಡಿ. ಹಸಿರು ಕಿಲುಬು, ಸುಟ್ಟ ಕಲೆ, ಒಳಗೆ ನೀರು, ಯಾವುದಿದ್ದರೂ ಹೊಸ ಮಾಡ್ಯೂಲ್ ಒಂದೇ ಸಾಲದು, ಕನೆಕ್ಟರ್ ತುಂಡನ್ನೂ ತರಿಸಬೇಕು. ಕೀ ಆನ್ ಇಟ್ಟು ಸಪ್ಲೈ ಪಿನ್ನಿನಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇದೆಯೇ ನೋಡಿ. ಬರೀ ಮೀಟರ್ ಹಿಡಿದರೆ ಕೊಳೆತ ತಂತಿಯೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಸಪ್ಲೈಗೂ ಅರ್ಥ್‌ಗೂ ನಡುವೆ 21 ವ್ಯಾಟಿನ ಬ್ರೇಕ್ ಬಲ್ಬ್ ಹಾಕಿ. ಅದು ಪ್ರಕಾಶಮಾನವಾಗಿ ಉರಿಯಬೇಕು. ಬಲ್ಬ್ ಉರಿಯುವಾಗ ಅರ್ಥ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ಥ್ ತಂತಿ ಸರಿಪಡಿಸಿ, ಮಾಡ್ಯೂಲ್ ಆಮೇಲೆ.

ಬಹಳ ಜನ ಬಿಡುವ ಪರೀಕ್ಷೆ ಇನ್ನೊಂದಿದೆ, ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅದೇ ಮುಖ್ಯ: ಪಂಪ್ ಎಷ್ಟು ಕರೆಂಟ್ ಎಳೆಯುತ್ತದೆ? ಹಳೆಯ ಪಂಪ್ ಬಿಗಿಯಾಗಿ ಹೆಚ್ಚು ಎಳೆಯುತ್ತಿದ್ದರೆ ಹೊಸ ಮಾಡ್ಯೂಲನ್ನೂ ಸುಡುತ್ತದೆ. ಕನೆಕ್ಟರಿನಿಂದ ಟ್ಯಾಂಕ್ ಕಡೆಗೆ ಹೋಗುವ ಎರಡು ತಂತಿಗಳನ್ನು ನಿಮ್ಮ ವರ್ಷದ ವೈರಿಂಗ್ ನಕ್ಷೆ ನೋಡಿ ಗುರುತಿಸಿ, ಬಣ್ಣ ನೋಡಿ ಊಹಿಸಬೇಡಿ. 15 ಆಂಪಿಯರ್ ಫ್ಯೂಸ್ ಇರುವ ತಂತಿಯಿಂದ ಅವಕ್ಕೆ ಬ್ಯಾಟರಿ ಕರೆಂಟ್ ಕೊಡಿ. ಸ್ವಿಚ್ ಬ್ಯಾಟರಿಯ ಹತ್ತಿರ ಇರಲಿ, ಕಿಡಿ ಹಾರಿದರೂ ಟ್ಯಾಂಕಿನ ಬಳಿ ಹಾರಬಾರದು. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿ, ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ. ಪಂಪ್ ಒಂದೇ ಸಮನೆ ಗುಂಯ್‌ಗುಟ್ಟಿ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ 5ರಿಂದ 8 ಆಂಪಿಯರ್ ಕಂಡರೆ ಒಳ್ಳೆಯದು. 10 ದಾಟಿದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ಪಂಪನ್ನೂ ಬದಲಿಸಬೇಕು.

ಪಂಪ್ ಚೆನ್ನಾಗಿದೆ, ಸಪ್ಲೈ ಮತ್ತು ಅರ್ಥ್ ಚೆನ್ನಾಗಿವೆ, ತಟ್ಟೆಯಲ್ಲಿ ತೂತು ಕಾಣುತ್ತಿದೆ ಎಂದಾದರೆ ಬ್ಯಾಟರಿಯ ನೆಗೆಟಿವ್ ತೆಗೆದು ಮಾಡ್ಯೂಲ್ ಬದಲಿಸಿ. ಫೋರ್ಡ್ ಭಾಗಸಂಖ್ಯೆಯ ನಡುವೆ 9ಡಿ370 ಎಂದಿರುತ್ತದೆ. ಮುಂದಿನ ಹಿಂದಿನ ಅಕ್ಷರಗಳನ್ನು ನಿಮ್ಮ ಚಾಸಿ ನಂಬರ್ ಕೊಟ್ಟು ಖಚಿತಪಡಿಸಿಕೊಳ್ಳಿ. ಗುಜರಿಯಿಂದ ಹಳೆಯದು ತರಬೇಡಿ, ಅದೂ ಅದೇ ಉಪ್ಪು ಕುಡಿದಿರುತ್ತದೆ. ಎರಡು ಬೋಲ್ಟ್ ಅಷ್ಟೇ, ಆದರೆ ತುಕ್ಕಿನಿಂದ ತಲೆ ಮುರಿಯುವುದು ಮಾಮೂಲು. ಮುರಿದರೆ ಪಕ್ಕದಲ್ಲಿ ಹೊಸ ತೂತು ಕೊರೆಯಿರಿ. ಜಿಪ್ ಟೈಯಲ್ಲಿ ನೇತುಹಾಕುವುದು ಕೆಲಸವಲ್ಲ.

ಹೊಸದನ್ನು ಹಳೆಯದರಂತೆ ಪಟ್ಟಿಗೆ ಅಂಟಿಸಿ ಕೂರಿಸಿದರೆ ಅದೂ ಅದೇ ಗತಿ ಕಾಣುತ್ತದೆ. ಪಟ್ಟಿಯ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಜಿಂಕ್ ಪ್ರೈಮರ್ ಬಳಿಯಿರಿ. ಮಾಡ್ಯೂಲ್ ಜೊತೆ ಸ್ಪೇಸರ್ ಬಂದಿದ್ದರೆ ಹಾಕಿ, ಇಲ್ಲದಿದ್ದರೆ ಸುಮಾರು 8 ಮಿಲಿಮೀಟರ್ ದಪ್ಪದ ನೈಲಾನ್ ಸ್ಪೇಸರ್ ಕೊಟ್ಟು, ಅದಕ್ಕೆ ತಕ್ಕ ಉದ್ದದ ಬೋಲ್ಟ್ ಹಾಕಿ. ನಡುವೆ ಗಾಳಿಯಾಡಬೇಕು, ನೀರು ಜಾರಿಹೋಗಬೇಕು. ಮಾಡ್ಯೂಲಿನ ಅರ್ಥ್ ಕನೆಕ್ಟರಿನ ತಂತಿಯಿಂದಲೇ ಬರುವುದರಿಂದ ಪಟ್ಟಿಗೆ ತಾಗದಿದ್ದರೂ ನಡೆಯುತ್ತದೆ. ಕನೆಕ್ಟರಿನ ರಬ್ಬರ್ ಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ. ಪ್ರೋಗ್ರಾಮಿಂಗ್ ಬೇಕಿಲ್ಲ.

ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ, ಮೂರು ಸಲ ಕೀ ಆನ್-ಆಫ್ ಮಾಡಿ ಒತ್ತಡ ಏರಿದ ಮೇಲೆ ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ ಎಫ್‌ಪಿಎಂ 50ರಲ್ಲಿ ನಿಂತಿರಬೇಕು. ಆಕ್ಸಿಲರೇಟರ್ ಒತ್ತಿದಾಗ ಆಜ್ಞೆ ಏರಬೇಕು, ಒತ್ತಡ ಕುಸಿಯಬಾರದು. ಬಿಸಿಯಾಗುವವರೆಗೆ ಓಡಿಸಿ ಮತ್ತೊಮ್ಮೆ ನೋಡಿ.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು: ಇಲ್ಲಿನ ಹೆಚ್ಚಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇಂಥ ಮಾಡ್ಯೂಲೇ ಇಲ್ಲ, ರಿಲೇಯಿಂದ ನೇರ ಪಂಪ್‌ಗೆ ಕರೆಂಟ್. ಸ್ಕೋಡಾ ಆಕ್ಟೇವಿಯಾ ತರಹದ ಟಿಎಸ್‌ಐ (ಟರ್ಬೊ ಪೆಟ್ರೋಲ್) ಕಾರುಗಳಲ್ಲಿ ಇದೆ, ಹಿಂದಿನ ಸೀಟಿನ ಕೆಳಗೆ ಟ್ಯಾಂಕಿನ ಮೇಲೆ. ಕರೆಂಟ್ ಮತ್ತು ಅರ್ಥ್ ಪರೀಕ್ಷೆಯ ರೀತಿ ಅಲ್ಲೂ ಇದೇ, ಆದರೆ 25, 50, 75ರ ಲೆಕ್ಕ ಫೋರ್ಡಿನದು. ಅದನ್ನು ಬೇರೆ ಕಂಪನಿಯ ಕಾರಿಗೆ ಹಾಕಬೇಡಿ.