ಗಾಯ ಕಾಲಿಗಿರಲಿ ಕೈಗಿರಲಿ, ಮೊದಲು ಗಡಿಯಾರ ನೋಡಿ

ಎರಡನೇ ಮಹಾಯುದ್ಧದ ಕಾಲದ ಕಾದಂಬರಿ, ನಾಯಕ ಗಾಯಗೊಂಡ ಮಾಜಿ ಪತ್ತೇದಾರ, ಒಂದು ಕೊಲೆ. ಗಾಯ ಕಾಲಿಗಾ ಕೈಗಾ, ಊರು ಲಂಡನ್ನಾ ಬೆಂಗಳೂರಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. 2011ರಲ್ಲಿ ನಾನೂ ಇದೇ ಎರಡು ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ಎರಡಕ್ಕೂ ಉತ್ತರ ಹುಡುಕಿದೆ. ಕೇಳಬೇಕಾದ ಮೂರನೆಯದನ್ನು ಕೇಳಲಿಲ್ಲ.

ನನ್ನ ನಾಯಕ ಬರ್ಮಾದ ರಂಗೂನಿನ ಪೊಲೀಸ್ ಪತ್ತೇದಾರ. 1941ರ ಡಿಸೆಂಬರ್ 23ರಂದು ಜಪಾನೀಯರು ರಂಗೂನಿನ ಮೇಲೆ ಬಾಂಬು ಹಾಕಿದಾಗ ಮೊಣಕಾಲು ಹೋಗುತ್ತದೆ, ಜೊತೆಗೆ ಕೆಲಸವೂ. ಹೇಗೋ ಬೆಂಗಳೂರಿಗೆ ಬಂದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ತಂಗಿಯ ಮನೆ ಸೇರುತ್ತಾನೆ. 1942ರ ನವೆಂಬರ್ ಕೊನೆಯಲ್ಲಿ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಬ್ಬ ಗುತ್ತಿಗೆದಾರನ ಕೊಲೆ. ಸತ್ತವನ ಕೈಗಡಿಯಾರ ಒಡೆದು ಸಂಜೆ ಆರೂವರೆಗೆ ನಿಂತಿದೆ. ಪಕ್ಕದಲ್ಲಿ ಕೂತಿದ್ದ ಹೂವಿನವಳ ಹೇಳಿಕೆ: "ಕತ್ತಲಲ್ಲಿ ಮುಖ ಕಾಣಲಿಲ್ಲ ಸ್ವಾಮಿ, ಯಾರೋ ಕುಂಟಿಕೊಂಡು ಹೋದ ಸದ್ದು ಕೇಳಿಸಿತು." ಕುಂಟುವವನು ಯಾರು? ನಮ್ಮ ನಾಯಕನೇ. ಅನುಮಾನ ಅವನ ಮೇಲೇ ತಿರುಗುತ್ತದೆ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಒಂದು ವಾರಪತ್ರಿಕೆ ಧಾರಾವಾಹಿಯಾಗಿ ಹಾಕಲು ಒಪ್ಪಿತು. ಇಪ್ಪತ್ತೆರಡು ಕಂತು ಅಂತ ಮಾತು. ಹದಿನಾಲ್ಕನೆಯದು ಬಂದ ವಾರ ಪತ್ರಿಕೆಯ ಕಚೇರಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಬರೆದವರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ಎಂಬತ್ತೇಳು ವರ್ಷ. ಎರಡೇ ಸಾಲು: "ಆಗ ಗಡಿಯಾರ ಒಂದು ಗಂಟೆ ಮುಂದಿತ್ತು. ಆರೂವರೆಗೆ ನಿಮ್ಮ ಹೂವಿನವಳಿಗೆ ಕತ್ತಲು ಎಲ್ಲಿಂದ ಬಂತು?"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿರಲಿ. ಯುದ್ಧಕಾಲದಲ್ಲಿ ಹಗಲಿನ ಬೆಳಕನ್ನು ಹೆಚ್ಚು ಬಳಸಿಕೊಳ್ಳಲು ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ ನಮ್ಮ ಸಮಯ ಗ್ರೀನಿಚ್‌ಗಿಂತ ಐದೂವರೆ ಅಲ್ಲ, ಆರೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಈಗಿನ ಲೆಕ್ಕದಲ್ಲಿ ಸುಮಾರು 5.50ಕ್ಕೆ. ಆಗಿನ ಗಡಿಯಾರದಲ್ಲಿ ಅದು 6.50. ನನ್ನ ಕೊಲೆ ಆರೂವರೆಗೆ. ಅಂದರೆ ಸೂರ್ಯ ಮುಳುಗಲು ಇನ್ನೂ ಇಪ್ಪತ್ತು ನಿಮಿಷ! ಹೂವಿನವಳಿಗೆ ಮುಖವಷ್ಟೇ ಯಾಕೆ, ಅಂಗಿಯ ಗುಂಡಿಯೂ ಕಾಣುತ್ತಿತ್ತು. ಮುಖ ಕಂಡ ಮೇಲೆ ಕುಂಟುವ ಸದ್ದಿಗೆ ಬೆಲೆಯಿಲ್ಲ, ನಾಯಕನ ಮೇಲೆ ಅನುಮಾನವಿಲ್ಲ, ಕಾದಂಬರಿಯೇ ಇಲ್ಲ.

ಏಳೂವರೆ ಅಂತ ಬದಲಾಯಿಸಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತಿರಲಿಲ್ಲ. ಆರೂವರೆಗೆ ನಿಂತ ಗಡಿಯಾರ ಮೊದಲ ಕಂತಿನಲ್ಲೇ ಅಚ್ಚಾಗಿತ್ತು. ನಿಜವಾದ ಕೊಲೆಗಾರ ಆ ಹೊತ್ತಿಗೆ ಸಿಟಿ ಸ್ಟೇಷನ್ನಿನಲ್ಲಿ ರೈಲು ಇಳಿಯುತ್ತಿದ್ದೆ ಅಂತ ಟಿಕೆಟ್ ತೋರಿಸುವುದು ಒಂಬತ್ತನೆಯದರಲ್ಲಿ. ಒಂದು ಗಂಟೆ ಸರಿಸಿದರೆ ಅವನಿಗೆ ಸ್ಟೇಷನ್ನಿಂದ ಜಟಕಾ ಹಿಡಿದು ಬಂದು ಕೊಲ್ಲಲು ಬೇಕಾದಷ್ಟು ಸಮಯ. ಓದುಗ ಅಲ್ಲೇ ಹಿಡಿದುಬಿಡುತ್ತಾನೆ.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಾನು ಸೂರ್ಯಾಸ್ತ ನೋಡದೆ ಬರೆದವನಲ್ಲ. ಪಂಚಾಂಗ ತೆಗೆದು ನೋಡಿದ್ದೆ, ಅದರ ಬಗ್ಗೆ ಜಂಬವೂ ಇತ್ತು. ಆದರೆ ನೋಡಿದ್ದು ಈ ಕಾಲದ ಪಂಚಾಂಗ! ಇನ್ನೂ ಕೇಳಿ. ನಮ್ಮಜ್ಜ ಆಗ ದಂಡಿನಲ್ಲಿ ಗುಮಾಸ್ತರಾಗಿದ್ದರು. ಅವರ ಡೈರಿಯಲ್ಲಿ ಅದೇ ನವೆಂಬರಿನ ಒಂದು ಸಾಲು: "ಏಳಕ್ಕೆ ಮನೆ ಸೇರಿದೆ, ಇನ್ನೂ ಬೆಳಕಿತ್ತು." ಓದಿದ್ದೆ. ನವೆಂಬರಿನಲ್ಲಿ ಏಳಕ್ಕೆ ಎಲ್ಲಿಯ ಬೆಳಕು, ಅಜ್ಜ ಅಂದಾಜಿನಲ್ಲಿ ಬರೆದಿರಬೇಕು ಅಂತ ಪುಟ ತಿರುಗಿಸಿದೆ. ಸಾಕ್ಷಿ ಎದುರಿಗೇ ನಿಂತು ನಿಜ ಹೇಳುತ್ತಿತ್ತು, ಪತ್ತೇದಾರಿ ಬರೆಯಲು ಹೊರಟ ಮಹಾಶಯ ಸಾಕ್ಷಿಗೇ ಮರೆವು ಅಂತ ತೀರ್ಮಾನ ಮಾಡಿದ.

ಸಂಪಾದಕರು ಧಾರಾವಾಹಿಯನ್ನು ಹದಿನೈದಕ್ಕೇ ಮುಗಿಸಿದರು. ನಾಯಕ ಟೈಫಾಯಿಡ್ ಬಂದು ಸತ್ತ. ಪುಸ್ತಕ ಮಾಡುತ್ತೇವೆ ಅಂದಿದ್ದ ಪ್ರಕಾಶಕರು ಫೋನ್ ಎತ್ತುವುದು ನಿಲ್ಲಿಸಿದರು.

ಇನ್ನು ನಿಮ್ಮ ಪ್ರಶ್ನೆ. ಲಂಡನ್ನಿನ ಸೆಳೆತ ನನಗೆ ಅರ್ಥವಾಗುತ್ತದೆ. ಅಲ್ಲಿಯ ಡಾಬ್ಕಿನ್ ಪ್ರಕರಣವೇ ಸಾಕು: ವಾಕ್ಸ್‌ಹಾಲ್ ಬಳಿ ಬೆಂಕಿ ಕಾವಲಿನ ಕೆಲಸದಲ್ಲಿದ್ದವನು ಹೆಂಡತಿಯನ್ನು ಕೊಂದು, ಬಾಂಬು ಬಿದ್ದಿದ್ದ ಚರ್ಚಿನ ಕೆಳಗೆ ಸುಣ್ಣ ಹಾಕಿ ಹೂತಿದ್ದ. 1942ರ ಜುಲೈನಲ್ಲಿ ಹೆಣ ಸಿಕ್ಕಾಗ ಮೊದಲು ಬಾಂಬಿಗೆ ಸಿಕ್ಕವರದಿರಬೇಕು ಅಂದುಕೊಂಡರು. ವೈದ್ಯ ಕೀತ್ ಸಿಂಪ್ಸನ್ ಹಲ್ಲಿನ ದಾಖಲೆಯಿಂದ ಗುರುತು ಹಿಡಿದರು, ಕುತ್ತಿಗೆಯ ಗಾಯದಿಂದ ಕೊಲೆಯೆಂದರು. 1943ರ ಜನವರಿಯಲ್ಲಿ ಅವನಿಗೆ ಗಲ್ಲಾಯಿತು. ಆದರೆ ಇದನ್ನೆಲ್ಲ ಇಂಗ್ಲಿಷಿನವರು ಬೇಕಾದಷ್ಟು ಬರೆದಿದ್ದಾರೆ, ನೀವು ಓದಿ ಬರೆಯುತ್ತೀರಿ, ನಿಮ್ಮ ಓದುಗರೂ ಅದನ್ನೇ ಓದಿರುತ್ತಾರೆ. ಗಡಿಯಾರದಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಓಡುತ್ತೀರಾ? 1940ರ ಕೊನೆಯಿಂದ ಯುದ್ಧದ ಚಳಿಗಾಲಗಳಲ್ಲೂ ಅವರದು ಒಂದು ಗಂಟೆ ಮುಂದಿತ್ತು, 1941ರಿಂದ ಬೇಸಿಗೆಯಲ್ಲಿ ಎರಡು ಗಂಟೆ.

ಬೆಂಗಳೂರನ್ನೇ ಹಿಡಿಯಿರಿ. ಕಬ್ಬನ್ ಪಾರ್ಕಿನ ಈಚೆಗೆ ಪೇಟೆ, ಮೈಸೂರು ಮಹಾರಾಜರ ಪೊಲೀಸರು. ಆಚೆಗೆ ದಂಡು, ಬ್ರಿಟಿಷ್ ರೆಸಿಡೆಂಟರ ಆಡಳಿತ. 1947ರವರೆಗೂ ಒಂದೇ ಊರಿನಲ್ಲಿ ಎರಡು ಸರ್ಕಾರ. ಪೇಟೆಯಲ್ಲಿ ಕೊಂದವನು ಜಟಕಾ ಹತ್ತಿ ದಂಡಿಗೆ ಹೋದರೆ ಇನ್ನೊಂದು ಆಡಳಿತಕ್ಕೆ ಸೇರಿದ ಹಾಗೆ. ಇಂಥ ಊರು ಕಾಲಬುಡದಲ್ಲಿ ಇಟ್ಟುಕೊಂಡು ಮಂಜು ಮುಸುಕಿದ ಲಂಡನ್ ಯಾಕೆ ಬೇಕು?

ಗಾಯ ಕಾಲಿಗಾ ಕೈಗಾ ಅನ್ನುವುದು ಪ್ರಶ್ನೆಯೇ ಅಲ್ಲ ಅಂತ ನನಗನ್ನಿಸುತ್ತದೆ. ನಿಮ್ಮ ಬಂಡವಾಳ ಇರುವುದು "ಮಾಜಿ" ಅನ್ನುವ ಪದದಲ್ಲಿ. ಮಾಜಿಯಾದವನು ಯಾರನ್ನೂ ಠಾಣೆಗೆ ಕರೆಸಲಾರ. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಮದುವೆ ಮುಂಜಿಯ ಮಾತಾಡಿ, ಹೊರಡುವಾಗ ಒಂದು ಪ್ರಶ್ನೆ ಕೇಳಬೇಕು. ಗಾಯ ಕಾಲಿಗೇ ಇದ್ದರೆ ಒಂದು ಉಪಕಾರವಿದೆ, ಅವನ ಪ್ರತಿ ಓಡಾಟಕ್ಕೂ ನೀವು ಎಷ್ಟು ನಿಮಿಷ ಅಂತ ಲೆಕ್ಕ ಹಾಕಲೇಬೇಕಾಗುತ್ತದೆ. ನನ್ನವನು ಸಿಟಿ ಸ್ಟೇಷನ್ನಿಂದ ರಸೆಲ್ ಮಾರ್ಕೆಟ್ಟಿಗೆ, ಆ ಕಾಲಿನಲ್ಲಿ, ನಾಲ್ಕೈದು ಕಿಲೋಮೀಟರು ಇಪ್ಪತ್ತು ನಿಮಿಷದಲ್ಲಿ ನಡೆದಿದ್ದ. ಅದನ್ನು ಯಾರೂ ಹಿಡಿಯಲಿಲ್ಲ, ಪುಣ್ಯ.

ನಿಮ್ಮ ಕೊಲೆ ಯಾವ ತಿಂಗಳು, ಎಷ್ಟು ಗಂಟೆಗೆ ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ತಿಳಿಸಿದರೆ ಸೂರ್ಯ ಎಲ್ಲಿದ್ದ ಅಂತ ನಾನು ಹೇಳುತ್ತೇನೆ. 1942ರಿಂದ 45ರವರೆಗೆ ಹನ್ನೆರಡು ತಿಂಗಳದ್ದೂ ಈಗ ಬಾಯಿಪಾಠ.