ಸಿಪಿಯು ಖಾಲಿ, ಆಟ ಮಾತ್ರ ಕುಂಟು

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಇಂಟೆಲ್ ಐ5-1240ಪಿ, ವಿಂಡೋಸ್ 11. ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್‌ನಲ್ಲಿ (ಬೇರೆ ಯಂತ್ರದಂತೆ ನಟಿಸುವ ತಂತ್ರಾಂಶ) ಪ್ಲೇಸ್ಟೇಷನ್ 2 ಆಟ ಹಾಕಿದರೆ ಆಗಾಗ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಬಳಕೆ ಬರೀ 15%. ಉಳಿದ ಕೋರ್‌ಗಳನ್ನೂ ದುಡಿಸುವುದು ಹೇಗೆ?

ಉತ್ತರ: ಆ 15% ನಂಬಬೇಡಿ. ನಿಮ್ಮ ಚಿಪ್‌ನಲ್ಲಿ ವೇಗದ 4 ಪಿ-ಕೋರ್, ನಿಧಾನವಾದರೂ ವಿದ್ಯುತ್ ಉಳಿಸುವ 8 ಇ-ಕೋರ್ ಇವೆ. ಪಿ-ಕೋರ್ ಒಂದೊಂದೂ ಎರಡಾಗಿ ಕಾಣುವುದರಿಂದ ವಿಂಡೋಸ್ ಲೆಕ್ಕದಲ್ಲಿ ಒಟ್ಟು 16. ಒಂದು ಥ್ರೆಡ್ (ಒಂದರ ಹಿಂದೊಂದು ನಡೆಯುವ ಸೂಚನೆಗಳ ಸಾಲು) ಏದುಸಿರು ಬಿಟ್ಟು ಓಡುತ್ತಿದ್ದರೂ ಅಲ್ಲಿ ಕಾಣುವುದು ಸುಮಾರು 6%. ಪಿಸಿಎಸ್‌ಎಕ್ಸ್2ನಲ್ಲಿ ಭಾರ ಹೊರುವ ಥ್ರೆಡ್‌ಗಳು ಮುಖ್ಯವಾಗಿ ಮೂರೇ: ಮೂಲ ಯಂತ್ರದ ಪ್ರೊಸೆಸರ್ ಆಗಿ ನಟಿಸುವ ಇಇ, ಚಿತ್ರ ನೋಡಿಕೊಳ್ಳುವ ಜಿಎಸ್, ಎಂಟಿವಿಯು ಎಂಬ ಸೆಟ್ಟಿಂಗ್ ಆನ್ ಇದ್ದರೆ ಮೂಲ ಯಂತ್ರದ ವೆಕ್ಟರ್ ಲೆಕ್ಕ ಮಾಡುವ ವಿಯು. ಇಇ ಥ್ರೆಡ್‌ನಲ್ಲಿ ಒಂದು ಸೂಚನೆಯ ಫಲಕ್ಕಾಗಿ ಮುಂದಿನದು ಕಾದಿರುತ್ತದೆ. ಅದನ್ನು ಹರಿದು ಹಂಚಲು ಯಾವ ಆಪರೇಟಿಂಗ್ ಸಿಸ್ಟಮ್‌ಗೂ ಆಗದು. ಯಾವ ಥ್ರೆಡ್ ಯಾವ ಕೋರ್‌ಗೆ ಎಂಬುದಷ್ಟೇ ಅದರ ಕೈಯಲ್ಲಿದೆ.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಇಇ ಥ್ರೆಡ್ ನಡುವೆ ಇ-ಕೋರ್‌ಗೆ ಹೋಯಿತೆನ್ನಿ. ಕೋರ್ ನಿಧಾನ, ಸಾಲದ್ದಕ್ಕೆ ಪಿ-ಕೋರ್‌ನ 1.25 ಎಂಬಿ ಎಲ್2 ಕ್ಯಾಶ್‌ನಲ್ಲಿ (ಕೋರ್ ಪಕ್ಕದ ವೇಗದ ಮೆಮೊರಿ) ಇದ್ದ ಸರಕನ್ನೆಲ್ಲ ಹೊಸದಾಗಿ ತುಂಬಿಕೊಳ್ಳಬೇಕು. ಫ್ರೇಮ್ ತಪ್ಪುತ್ತದೆ.

ಮೊದಲು ಪಿಸಿಎಸ್‌ಎಕ್ಸ್2ನ ಆನ್-ಸ್ಕ್ರೀನ್ ಡಿಸ್‌ಪ್ಲೇಯಲ್ಲಿ ಸಿಪಿಯು, ಜಿಪಿಯು ಬಳಕೆ ಕಾಣುವಂತೆ ಟಿಕ್ ಹಾಕಿ. ತಡವರಿಸುವಾಗ ಜಿಪಿಯು ತುಂಬಿದ್ದರೆ ಇಂಟರ್ನಲ್ ರೆಸಲ್ಯೂಷನ್ ಇಳಿಸಿ. ಕೋರ್‌ಗಳ ತಂಟೆಗೆ ಹೋಗಬೇಡಿ. ಇಇ 100% ಮುಟ್ಟುತ್ತಿದ್ದರೆ ಚಾರ್ಜರ್ ಸಿಕ್ಕಿಸಿ, ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ. ಎಷ್ಟೋ ಸಲ ಇಷ್ಟೇ ಸಾಕು. ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಪಿಸಿಎಸ್‌ಎಕ್ಸ್2 ಮೇಲೆ ರೈಟ್ ಕ್ಲಿಕ್ ಮಾಡಿ, ಸೆಟ್ ಅಫಿನಿಟಿ (ಯಾವ ಕೋರ್‌ಗಳಲ್ಲಿ ಓಡಬಹುದೆಂಬ ಪಟ್ಟಿ) ತೆರೆದು, 8ರಿಂದ 15ರವರೆಗಿನ ಟಿಕ್ ತೆಗೆಯಿರಿ. ಅವು ಇ-ಕೋರ್‌ಗಳು. ‘ಮೂರು ಥ್ರೆಡ್‌ಗೆ ಮೂರು ಸಾಕು’ ಎಂದು 0, 1, 2 ಮಾತ್ರ ಉಳಿಸಿದರೆ ಕೆಟ್ಟಿತು: 0 ಮತ್ತು 1 ಒಂದೇ ಕೋರ್‌ನ ಎರಡು ಮುಖ, ಎರಡು ಥ್ರೆಡ್ ಅಲ್ಲೇ ಗುದ್ದಾಡುತ್ತವೆ. ಪ್ರಯಾರಿಟಿಯನ್ನು ರಿಯಲ್‌ಟೈಮ್‌ಗೆ ಏರಿಸಲೂಬೇಡಿ, ಮೌಸ್, ಕೀಬೋರ್ಡ್‌ಗಳೇ ಸ್ಪಂದಿಸದೆ ಹೋಗಬಹುದು. ಎಮ್ಯುಲೇಟರ್ ಮುಚ್ಚಿದರೆ ಅಫಿನಿಟಿ ಅಳಿಸಿಹೋಗುತ್ತದೆ, ಪ್ರತಿ ಸಲ ಹಾಕಬೇಕು.

ಪ್ರಶ್ನೆ: 4 ಕೋರ್‌ನ ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್‌ಗೆ ನಾಲ್ಕೂ ಕೊಡಬಹುದೇ?

ಉತ್ತರ: ಎರಡು ಕೊಡಿ. ಒಳಗಿನ ಆಂಡ್ರಾಯ್ಡ್‌ಗೆ ಕೋರ್ ಆಗಿ ಕಾಣುವುದು ಹೊರಗಿನ ವ್ಯವಸ್ಥೆಗೆ ಬರೀ ಒಂದು ಥ್ರೆಡ್. ನಾಲ್ಕೂ ಕೊಟ್ಟಾಗ, ಬೀಗ (ಒಂದು ಸಲಕ್ಕೆ ಒಂದೇ ಥ್ರೆಡ್ ಒಳಹೋಗಲಿ ಎಂಬ ಕಾವಲು) ಹಿಡಿದಿರುವ ಥ್ರೆಡ್ಡನ್ನೇ ಹೊರಗಿನದು ಬ್ರೌಸರ್‌ಗಾಗಿ ಪಕ್ಕಕ್ಕೆ ಸರಿಸಿದರೆ, ಉಳಿದ ಮೂರು ಆ ಬೀಗಕ್ಕಾಗಿ ಸುಮ್ಮನೆ ಸುತ್ತುತ್ತಿರುತ್ತವೆ.